ಹಾಡು ಕಟ್ಟಬಲ್ಲವರು ಹಿನ್ನೆಲೆ ಸಂಗೀತಕ್ಕೆ ಕೈ ಹಾಕುವ ಮುನ್ನ

ಒಳ್ಳೆಯ ಟ್ಯೂನ್ ಹಾಕುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರಲ್ಲಿ ಅನೇಕರು ಎಡವುವುದು ಮೊದಲ ಸಿನಿಮಾದ ಆರ್‌ಆರ್‌ನಲ್ಲಿ, ಅಂದರೆ ಹಿನ್ನೆಲೆ ಸಂಗೀತದಲ್ಲಿ. ಹಾಡಿನಲ್ಲಿ ಸಂಗೀತದ್ದೇ ಯಜಮಾನಿಕೆ. ಅದಕ್ಕೆ ತಕ್ಕಂತೆ ಚಿತ್ರೀಕರಣ, ಅದಕ್ಕೆ ತಕ್ಕಂತೆ ಎಡಿಟ್. ಆರ್‌ಆರ್ ಹೊತ್ತಿಗೆ ಎಡಿಟ್ ಮುಗಿದಿರುತ್ತದೆ, ಮಾತು ಕೂತಿರುತ್ತದೆ, ಸಂಗೀತಕ್ಕೆ ಸಿಗುವುದು ಉಳಿದ ಜಾಗ. ಆ ಜಾಗ ಎಲ್ಲಿ ಶುರುವಾಗುತ್ತದೆ, ಎಲ್ಲಿ ಮುಗಿಯುತ್ತದೆ ಎಂದು ಗುರುತಿಸುವುದೇ ಅರ್ಧಕ್ಕಿಂತ ಹೆಚ್ಚು ಕೆಲಸ. ಸ್ವರ, ರಾಗ, ಕಾರ್ಡ್ ನಿಮಗೆ ಗೊತ್ತಿದೆ, ಯಾವುದಾದರೂ ಒಂದು ರೆಕಾರ್ಡಿಂಗ್ ಸಾಫ್ಟ್‌ವೇರಿನಲ್ಲಿ ಕೈ ಪಳಗಿದೆ ಎಂದು ಇಟ್ಟುಕೊಂಡು ಮುಂದಿನದನ್ನು ಬರೆದಿದ್ದೇವೆ.

ನೋಡುವುದನ್ನು ಬರೆದಿಡಿ

ವಾರಕ್ಕೊಮ್ಮೆ ಒಂದು ಸಿನಿಮಾದ 20 ನಿಮಿಷ ಆರಿಸಿಕೊಳ್ಳಿ. ನೋಟ್‌ಬುಕ್ಕಿನಲ್ಲಿ ನಾಲ್ಕು ಅಂಕಣ ಎಳೆಯಿರಿ: ಸಂಗೀತ ಶುರುವಾದ ಸಮಯ, ನಿಂತ ಸಮಯ, ಕೇಳಿಸಿದ ವಾದ್ಯಗಳು, ಶುರುವಾದ ಕ್ಷಣದಲ್ಲಿ ತೆರೆಯ ಮೇಲೆ ನಡೆದದ್ದು. ನಾಲ್ಕನೆಯ ಅಂಕಣದಲ್ಲಿ ‘ದುಃಖದ ದೃಶ್ಯ’ ಎಂದು ಬರೆದರೆ ಏನೂ ಕಲಿತಂತಾಗಲಿಲ್ಲ. ‘ಆಕೆ ಕಿಟಕಿಯಿಂದ ಮುಖ ತಿರುಗಿಸಿದಳು’, ‘ಬಸ್ಸು ಫ್ರೇಮಿನಿಂದ ಆಚೆ ಹೋಯಿತು’ ಎಂದು ಕಣ್ಣಿಗೆ ಕಂಡದ್ದನ್ನು ಬರೆಯಿರಿ. ಒಂದೆರಡು ತಿಂಗಳಲ್ಲಿ ಒಂದು ವಿಷಯ ತಾನಾಗಿ ಗೊತ್ತಾಗುತ್ತದೆ: ಒಳ್ಳೆಯ ಕೆಲಸಗಳಲ್ಲಿ ಸಂಗೀತ ಘಟನೆಯ ಮೇಲೆ ಶುರುವಾಗುವುದು ಕಡಿಮೆ, ಘಟನೆ ಪಾತ್ರದ ಮುಖಕ್ಕೆ ತಲುಪಿದ ಮೇಲೆ ಶುರುವಾಗುವುದು ಹೆಚ್ಚು. ನಿಲ್ಲುವಾಗಲೂ ಬಾಗಿಲು ಮುಚ್ಚಿದ ಸದ್ದು, ಹಾರ್ನ್, ಮಳೆ, ಇಂಥ ಯಾವುದಾದರೊಂದರ ಕೆಳಗೆ ಅಡಗಿ ನಿಲ್ಲುತ್ತದೆ.

ಆಯ್ಕೆಯಲ್ಲಿ ಅಬ್ಬರದ ಸಿನಿಮಾಗಳಷ್ಟೇ ಬೇಡ. 1970ರ ‘ಸಂಸ್ಕಾರ’ಕ್ಕೆ ಸಂಗೀತ ಕೊಟ್ಟವರು ಸರೋದ್ ವಾದಕ ರಾಜೀವ ತಾರಾನಾಥ್, 1977ರ ‘ಘಟಶ್ರಾದ್ಧ’ದ ಸಂಗೀತಕ್ಕೆ ರಾಷ್ಟ್ರ ಪ್ರಶಸ್ತಿ ಪಡೆದವರು ರಂಗಭೂಮಿಯ ಬಿ.ವಿ. ಕಾರಂತ. ಇಬ್ಬರೂ ಸಿನಿಮಾ ಹಾಡುಗಳ ದಾರಿಯಿಂದ ಬಂದವರಲ್ಲ. ಇವುಗಳ 20 ನಿಮಿಷವನ್ನೂ ಈಚಿನ ಒಂದು ಮಾಸ್ ಸಿನಿಮಾದ 20 ನಿಮಿಷವನ್ನೂ ಒಂದೇ ಪುಟದಲ್ಲಿ ಅಕ್ಕಪಕ್ಕ ಬರೆದು, ಮೊದಲೆರಡು ಅಂಕಣಗಳಿಂದ ಸಂಗೀತ ಇದ್ದದ್ದು ಒಟ್ಟು ಎಷ್ಟು ಹೊತ್ತು ಎಂದು ಲೆಕ್ಕ ಹಾಕಿ ನೋಡಿ. ಸಂಗೀತವಿಲ್ಲದ ನಿಮಿಷಗಳ ಲೆಕ್ಕವೂ ಸಂಯೋಜಕನದ್ದೇ ತೀರ್ಮಾನ ಎಂಬುದು ಆಗ ಕಾಣುತ್ತದೆ.

ಇದರ ಜೊತೆಗೆ ವಾರಕ್ಕೆ 30 ಸೆಕೆಂಡ್‌ನಷ್ಟು ಹಿನ್ನೆಲೆ ಸಂಗೀತವನ್ನು ಕಿವಿಯಿಂದ ಕೇಳಿ ಬರೆದುಕೊಳ್ಳಿ. ಮೆಲೊಡಿ ಸಾಲದು, ಕೆಳಗಿನ ಸ್ವರ ಯಾವುದು, ಯಾವ ವಾದ್ಯ ಯಾವ ಸ್ಥಾಯಿಯಲ್ಲಿದೆ ಎಂಬುದೂ ಬೇಕು.

ಎಡಿಟರ್ ಹತ್ತಿರ ಕೇಳಿ ಪಡೆಯಬೇಕಾದವು

ಕೀಬೋರ್ಡ್ ಮುಟ್ಟುವ ಮೊದಲು ಇವಿಷ್ಟು ಕೈಗೆ ಬರಬೇಕು: ಎಡಿಟ್ ಲಾಕ್ ಆದ ಚಿತ್ರ, ತೆರೆಯ ಮೂಲೆಯಲ್ಲಿ ಟೈಮ್‌ಕೋಡ್ (ಗಂಟೆ, ನಿಮಿಷ, ಸೆಕೆಂಡ್, ಫ್ರೇಮ್ ತೋರಿಸುವ ಅಂಕಿ) ಅಚ್ಚಾಗಿರುವಂತೆ, ಮಾತು ಬೇರೆ, ಎಫೆಕ್ಟ್ಸ್ ಬೇರೆ, ಟೆಂಪ್ ಸಂಗೀತ (ಎಡಿಟ್ ಮಾಡುವಾಗ ತಾತ್ಕಾಲಿಕವಾಗಿ ಹಾಕಿಕೊಂಡ ಬೇರೆಯವರ ಸಂಗೀತ) ಬೇರೆ ಆಡಿಯೊ ಫೈಲುಗಳಾಗಿ, ಫ್ರೇಮ್ ರೇಟ್ (ಸೆಕೆಂಡಿಗೆ ಎಷ್ಟು ಫ್ರೇಮ್) ಎಷ್ಟು ಎಂದು ಬರಹದಲ್ಲಿ. ಫೋನಿನಲ್ಲಿ ಕೇಳಿ ‘24 ಅಂತೆ’ ಎಂದು ನಂಬಿಕೊಂಡರೆ ಕೆಟ್ಟಿರಿ. 24ಕ್ಕೂ 23.976ಕ್ಕೂ ವ್ಯತ್ಯಾಸ ಸಾವಿರಕ್ಕೆ ಒಂದು ಪಾಲು ಅಷ್ಟೇ, ಆದರೆ 20 ನಿಮಿಷದ ರೀಲಿನ (ಕೆಲಸಕ್ಕೆಂದು ಸಿನಿಮಾವನ್ನು ಭಾಗ ಮಾಡಿದ ಒಂದು ತುಂಡಿನ) ಕೊನೆಗೆ ಅದು 1.2 ಸೆಕೆಂಡ್ ಆಗಿರುತ್ತದೆ. ಮೊದಲ ಕ್ಯೂಗಳು, ಅಂದರೆ ಹಿನ್ನೆಲೆ ಸಂಗೀತದ ತುಣುಕುಗಳು, ಸರಿಯಾಗಿ ಕೂತು, ಕೊನೆಯವು ಮಾತ್ರ ಜಾರುತ್ತಿದ್ದರೆ ಕಾರಣ ಬಹುತೇಕ ಇದೇ.

ಪ್ರಾಜೆಕ್ಟನ್ನು 48 ಕಿಲೋಹರ್ಟ್ಜ್, 24 ಬಿಟ್‌ನಲ್ಲಿ ತೆರೆಯಿರಿ. ಹಾಡಿನ ಲೋಕದಿಂದ ಬಂದವರು ಅಭ್ಯಾಸಬಲದಿಂದ 44.1ರಲ್ಲಿ ತೆರೆದುಬಿಡುತ್ತಾರೆ. ಆ ಫೈಲನ್ನು ಪರಿವರ್ತಿಸದೆ 48ರ ಸೆಷನ್‌ಗೆ ಎಳೆದರೆ 60 ಸೆಕೆಂಡಿನ ಕ್ಯೂ 55 ಸೆಕೆಂಡಿಗೇ ಮುಗಿಯುತ್ತದೆ, ಶ್ರುತಿ ಹೆಚ್ಚುಕಡಿಮೆ ಒಂದೂವರೆ ಸೆಮಿಟೋನ್ ಏರಿರುತ್ತದೆ.

ಪ್ರತಿ ರೀಲಿನ ತಲೆಯಲ್ಲಿ ಟೂ-ಪಾಪ್ ಕೇಳಿ: ಚಿತ್ರದ ಮೊದಲ ಫ್ರೇಮಿಗೆ ಸರಿಯಾಗಿ 2 ಸೆಕೆಂಡ್ ಮುಂಚೆ ಬರುವ, ಒಂದೇ ಫ್ರೇಮ್ ಉದ್ದದ ‘ಟಿಕ್’. ನೀವು ವಾಪಸ್ ಕೊಡುವ ಫೈಲುಗಳಲ್ಲೂ ಅದು ಅದೇ ಜಾಗದಲ್ಲಿದ್ದರೆ ಮಿಕ್ಸಿಂಗ್ ಎಂಜಿನಿಯರ್‌ಗೆ ಸಿಂಕ್ ಹುಡುಕುವ ಕೆಲಸವೇ ಇರುವುದಿಲ್ಲ.

ಇನ್ನೊಂದು ಪ್ರಶ್ನೆ ಕಡ್ಡಾಯ: ಮಾತು ಸಿಂಕ್ ಸೌಂಡೇ (ಚಿತ್ರೀಕರಣದಲ್ಲೇ ರೆಕಾರ್ಡ್ ಆದದ್ದೇ), ಡಬ್ಬಿಂಗೇ? ಡಬ್ಬಿಂಗ್ ಆಗಬೇಕಿದ್ದರೆ ನಿಮಗೆ ಬಂದಿರುವುದು ಪೈಲಟ್ ಟ್ರ್ಯಾಕ್, ಅಂದರೆ ಚಿತ್ರೀಕರಣದ ಹೊತ್ತಿನ ತಾತ್ಕಾಲಿಕ ಮಾತು. ನಟರು ಡಬ್ಬಿಂಗ್ ಕೊಡುವಾಗ ಸಾಲಿನ ಏರಿಳಿತ ಬದಲಾಗುತ್ತದೆ, ಕೆಲವು ಕಡೆ ತುಟಿ ಕಾಣದ ಶಾಟ್‌ಗಳಲ್ಲಿ ಹೊಸ ಮಾತೇ ಸೇರಿಕೊಳ್ಳುತ್ತದೆ. ಪೈಲಟ್‌ನಲ್ಲಿ ಖಾಲಿ ಇದ್ದ ಜಾಗಕ್ಕೆ ನೀವು ಬರೆದ ಕೊಳಲು, ಫೈನಲ್ ಮಿಕ್ಸ್‌ನಲ್ಲಿ ನಾಯಕಿಯ ಮಾತಿನ ಮೇಲೆ ಬಿದ್ದು ಅಲ್ಲೇ ಮ್ಯೂಟ್ ಆಗುತ್ತದೆ. ಮಾತು ಹೆಚ್ಚಿರುವ ದೃಶ್ಯಗಳನ್ನು ಡಬ್ಬಿಂಗ್ ಮುಗಿಯುವವರೆಗೆ ಪಕ್ಕಕ್ಕಿಟ್ಟು ಉಳಿದವುಗಳಿಂದ ಶುರು ಮಾಡಿ.

ಒಂದು ದೃಶ್ಯ, ಹತ್ತಿರದಿಂದ

ಸ್ಪಾಟಿಂಗ್ ಎಂದರೆ ನಿರ್ದೇಶಕರ ಜೊತೆ ಕೂತು, ಸಂಗೀತ ಎಲ್ಲಿ ಬೇಕು, ಎಲ್ಲಿ ಬೇಡ ಎಂದು ತೀರ್ಮಾನಿಸುವುದು. ಆ ಕೂಟಕ್ಕೆ ವಾದ್ಯ ಒಯ್ಯಬೇಡಿ. ಟ್ಯೂನ್ ಕೇಳಿಸಿದ ತಕ್ಷಣ ಮಾತು ಟ್ಯೂನ್ ಕಡೆಗೆ ತಿರುಗುತ್ತದೆ. ‘ಇಲ್ಲಿ ಯಾವ ಥರ ಮ್ಯೂಸಿಕ್ ಬೇಕು ಸರ್?’ ಎಂಬ ಪ್ರಶ್ನೆಯೂ ಕೆಲಸಕ್ಕೆ ಬಾರದು. ‘ಈ ಕ್ಷಣದಲ್ಲಿ ಪ್ರೇಕ್ಷಕರಿಗೆ ಗೊತ್ತಿರುವುದು ಆಕೆಗೆ ಗೊತ್ತೇ?’, ‘ನಾವು ಯಾರ ಪಕ್ಕದಲ್ಲಿ ನಿಂತಿದ್ದೇವೆ?’ ಎಂದು ಕೇಳಿ. ಉತ್ತರದಲ್ಲೇ ಸಂಗೀತ ಇರುತ್ತದೆ.

ಉದಾಹರಣೆಗೆ, ಅಭ್ಯಾಸಕ್ಕೆಂದು ಕಲ್ಪಿಸಿಕೊಂಡ ದೃಶ್ಯ. ಸೊನ್ನೆ ಸೆಕೆಂಡಿಗೆ ಅಮ್ಮ ಅಟ್ಟದಿಂದ ಟ್ರಂಕು ಇಳಿಸುತ್ತಾಳೆ. 14ನೇ ಸೆಕೆಂಡಿಗೆ ಹಳೇ ಸೀರೆಯ ಮಡಿಕೆಯಲ್ಲಿ ಪತ್ರ ಸಿಗುತ್ತದೆ. 17ಕ್ಕೆ ಓದುತ್ತಾ ಓದುತ್ತಾ ಕಣ್ಣು ಒಂದು ಸಾಲಿನಲ್ಲಿ ನಿಲ್ಲುತ್ತದೆ. 31ಕ್ಕೆ ಹೊರಗೆ ಬೈಕಿನ ಸದ್ದು. 38ಕ್ಕೆ ಮಗ ಒಳಗೆ ಬಂದು, ‘ಊಟ ಆಯ್ತಾ?’ ಅನ್ನುತ್ತಾನೆ.

ಹೊಸಬರು ಸೊನ್ನೆಯಿಂದಲೇ ಪಿಯಾನೊ ಶುರು ಮಾಡುತ್ತಾರೆ. ಹಾಗೆ ಮಾಡಿದರೆ ಟ್ರಂಕಿನಲ್ಲಿ ಏನೋ ಇದೆ ಎಂದು ಅಮ್ಮನಿಗಿಂತ ಮೊದಲೇ ನಾವು ಪ್ರೇಕ್ಷಕರ ಕಿವಿಯಲ್ಲಿ ಊದಿದ ಹಾಗಾಯಿತು. ಟ್ರಂಕು ನೆಲಕ್ಕೆ ತಾಗುವ ಸದ್ದು, ಕೊಂಡಿ ತೆಗೆಯುವ ಸದ್ದು ಆ 14 ಸೆಕೆಂಡನ್ನು ಚೆನ್ನಾಗಿಯೇ ಹೊರುತ್ತವೆ. 14ಕ್ಕೆ ಶುರು ಮಾಡಿದರೆ ಪತ್ರವೇ ಅಪರಾಧಿ ಎಂದು ಬೆರಳು ತೋರಿಸಿದಂತೆ. 17 ಸರಿಯಾದ ಜಾಗ: ಕಣ್ಣು ನಿಂತ ಮೇಲೆ, ಮೆಲ್ಲಗೆ. ಮುಗಿಸುವುದು 31ಕ್ಕೆ, ಬೈಕಿನ ಸದ್ದಿನ ಅಡಿಯಲ್ಲಿ. ‘ಊಟ ಆಯ್ತಾ?’ ಎಂಬ ಮಾತಿಗೆ ಸಂಗೀತ ಬೇಡವೇ ಬೇಡ. ಆ ಸಾಮಾನ್ಯ ಮಾತು ಖಾಲಿ ಮನೆಯಲ್ಲಿ ಬೀಳಬೇಕು.

ಹೀಗೆ ಗುರುತಿಸಿದ ಪ್ರತಿ ತುಣುಕಿಗೂ ರೀಲ್ ಸಂಖ್ಯೆ, ಕ್ಯೂ ಸಂಖ್ಯೆ ಸೇರಿಸಿ ಹೆಸರಿಡಿ. ಮೂರನೇ ರೀಲಿನ ಎರಡನೇ ಕ್ಯೂ ‘3ಎಂ2’. ಅದರ ಮುಂದೆ ‘ಟ್ರಂಕು’ ಎಂಬಂಥ ಒಂದು ಗುರುತಿನ ಪದ, ಕೊನೆಗೆ ವರ್ಶನ್ ಸಂಖ್ಯೆ. ‘ಫೈನಲ್’, ‘ಫೈನಲ್ ನ್ಯೂ’, ‘ಫೈನಲ್ ಓಕೆ’ ಎಂಬ ಹೆಸರುಗಳಿಂದ ಆಗಿರುವ ಅನಾಹುತಗಳನ್ನು ಮಿಕ್ಸಿಂಗ್ ಎಂಜಿನಿಯರುಗಳನ್ನೇ ಕೇಳಬೇಕು.

ತಾಳದ ಲೆಕ್ಕ

ಈಗ 17ರಿಂದ 31, ಅಂದರೆ 14 ಸೆಕೆಂಡಿನ ಕ್ಯೂ ಬರೆಯಬೇಕು. 24 ಫ್ರೇಮಿನ ಚಿತ್ರದಲ್ಲಿ 1440 ಅನ್ನು ಬಿಪಿಎಂನಿಂದ (ನಿಮಿಷಕ್ಕೆ ಎಷ್ಟು ಬೀಟ್ ಎಂಬ ಸಂಖ್ಯೆಯಿಂದ) ಭಾಗಿಸಿದರೆ ಒಂದು ಬೀಟಿಗೆ ಎಷ್ಟು ಫ್ರೇಮ್ ಎಂಬುದು ಸಿಗುತ್ತದೆ. 60ಕ್ಕೆ 24 ಫ್ರೇಮ್, 72ಕ್ಕೆ 20, 80ಕ್ಕೆ 18, 90ಕ್ಕೆ 16, 96ಕ್ಕೆ 15, 120ಕ್ಕೆ 12. ಈ ಆರು ಬಾಯಿಪಾಠವಾದರೆ ಸಾಕು.

14 ಸೆಕೆಂಡ್ ಎಂದರೆ 336 ಫ್ರೇಮ್. 90 ಬಿಪಿಎಂನಲ್ಲಿ ಸರಿಯಾಗಿ 21 ಬೀಟ್. ನಾಲ್ಕರ ಎಣಿಕೆಯಲ್ಲಿ ಐದು ಬಾರ್ ಮುಗಿದು ಒಂದು ಬೀಟ್ ಮಿಗುತ್ತದೆ, ಬೈಕಿನ ಸದ್ದು ಆರನೇ ಬಾರಿನ ಎರಡನೇ ಬೀಟಿನ ಮೇಲೆ ಬೀಳುತ್ತದೆ. ಸಂಗೀತ ತಪ್ಪು ಜಾಗದಲ್ಲಿ ಕಡಿದಂತೆ ಕೇಳಿಸುತ್ತದೆ. ಇದಕ್ಕೆ ದಾರಿಗಳುಂಟು. ಲಯವನ್ನು 85.71ಕ್ಕೆ ಇಳಿಸಿದರೆ 20 ಬೀಟ್, ಸರಿಯಾಗಿ ಐದು ಬಾರ್. ಅಥವಾ 90ರಲ್ಲೇ ಉಳಿದು ಯಾವುದಾದರೂ ಒಂದು ಬಾರನ್ನು ಐದು ಬೀಟಿನದಾಗಿ ಮಾಡಿ. ಮೆಲೊಡಿ ಉಸಿರು ತೆಗೆದುಕೊಳ್ಳುವ ಬಾರಿನಲ್ಲಿ ಇದನ್ನು ಮಾಡಿದರೆ ಯಾರಿಗೂ ತಿಳಿಯುವುದಿಲ್ಲ. ನಮ್ಮವರಿಗೆ ಇನ್ನೂ ಸಹಜವಾದದ್ದು ಬೇರೆಯೇ ಇದೆ: 21 ಎಂದರೆ ಏಳರ ಮೂರು ಆವರ್ತ. ತ್ರಿಪುಟದಲ್ಲೋ ಹಿಂದೂಸ್ತಾನಿಯ ರೂಪಕದಲ್ಲೋ ಯೋಚಿಸಿದರೆ ಬೈಕು ನಾಲ್ಕನೇ ಆವರ್ತದ ಸಮಕ್ಕೆ ತಾನಾಗಿ ಬಂದು ಕೂರುತ್ತದೆ. ಮುಕ್ತಾಯದ ಲೆಕ್ಕ ಹಾಕಿ ಎಡುಪ್ಪಿಗೆ, ಅಂದರೆ ಹಾಡು ಎತ್ತುವ ಜಾಗಕ್ಕೆ, ಬಂದು ನಿಲ್ಲುವುದು ಗೊತ್ತಿರುವ ಮೃದಂಗದವರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಆ ತಲೆಯನ್ನು ಇಲ್ಲಿ ಬಳಸಬಹುದೆಂದು ಅನೇಕರಿಗೆ ಹೊಳೆಯುವುದಿಲ್ಲ, ಅಷ್ಟೇ.

ಎಲ್ಲ ಕಟ್‌ಗೂ ಒಂದು ಏಟು ಹೊಡೆಯುತ್ತಾ ಹೋದರೆ ಕಾರ್ಟೂನ್ ಆಗುತ್ತದೆ. ಒಂದು ನಿಮಿಷದ ಕ್ಯೂನಲ್ಲಿ ನಿಜವಾಗಿ ಹಿಡಿಯಬೇಕಾದ ಜಾಗ ಒಂದೋ ಎರಡೋ ಇರುತ್ತದೆ. ಹಿಡಿಯುವಾಗಲೂ ಒಂದೆರಡು ಫ್ರೇಮ್ ತಡವಾದರೆ ತೊಂದರೆಯಿಲ್ಲ, ಮುಂಚೆ ಬರಬಾರದು. ಶಬ್ದ ಚಿತ್ರಕ್ಕಿಂತ ಸುಮಾರು 45 ಮಿಲಿಸೆಕೆಂಡ್, ಅಂದರೆ ಒಂದೇ ಫ್ರೇಮಿನಷ್ಟು, ಮುಂದೆ ಬಂದರೂ ಜನಕ್ಕೆ ಗೊತ್ತಾಗುತ್ತದೆ. ಹಿಂದೆ ಬಿದ್ದರೆ ಸುಮಾರು 125 ಮಿಲಿಸೆಕೆಂಡ್‌ವರೆಗೆ ಗೊತ್ತಾಗುವುದಿಲ್ಲ.

ಇದರಲ್ಲಿ ಒಂದು ಬಲೆಯಿದೆ. ಸ್ಯಾಂಪಲ್ ಲೈಬ್ರರಿಯ ಮೆದು ತಂತಿವಾದ್ಯಗಳು ಕೀ ಒತ್ತಿದ ಮೇಲೆ ನಿಧಾನವಾಗಿ ಏಳುತ್ತವೆ, ಕೆಲವು 100ರಿಂದ 200 ಮಿಲಿಸೆಕೆಂಡ್ ತಡ. ಗ್ರಿಡ್ಡಿನ ಮೇಲೆ ಸರಿಯಾಗಿಯೇ ಕಾಣುವ ನೋಟ್ ಕಿವಿಗೆ ಮೂರು ನಾಲ್ಕು ಫ್ರೇಮ್ ಹಿಂದೆ ಇರುತ್ತದೆ. ಪ್ರತಿ ಧ್ವನಿಯಲ್ಲೂ ಒಂದು ನೋಟನ್ನು ಕ್ಲಿಕ್ ಜೊತೆ ರೆಂಡರ್ ಮಾಡಿ, ಅಲೆಯ ಚಿತ್ರವನ್ನು ಹಿಗ್ಗಿಸಿ ನೋಡಿ ಎಷ್ಟು ತಡವೆಂದು ಅಳೆಯಿರಿ. ಆ ಟ್ರ್ಯಾಕಿಗೆ ಅಷ್ಟೇ ಮೈನಸ್ ಡಿಲೇ ಕೊಟ್ಟು ಟೆಂಪ್ಲೇಟಿನಲ್ಲಿ ಉಳಿಸಿ. ಒಂದು ಮಧ್ಯಾಹ್ನದ ಕೆಲಸ, ವರ್ಷಗಟ್ಟಲೆ ಉಪಯೋಗಕ್ಕೆ ಬರುತ್ತದೆ.

ಮಾತಿನ ಕೆಳಗೆ ಬರೆಯುವುದು

ಮಾತಿನ ಸ್ಪಷ್ಟತೆ ಹೆಚ್ಚಾಗಿ ನಿಂತಿರುವುದು 1ರಿಂದ 4 ಕಿಲೋಹರ್ಟ್ಜ್ ನಡುವೆ. ಶಹನಾಯಿ, ನಾಗಸ್ವರ, ಪಿಟೀಲಿನ ಮೇಲು ಸ್ಥಾಯಿ, ಡಿಸ್ಟಾರ್ಷನ್ ಗಿಟಾರು ಎಲ್ಲ ಅಲ್ಲೇ ಬಂದು ಕಿರುಚುವಂಥವು. ಶಬ್ದ ತಗ್ಗಿಸಿದರೆ ಸರಿಹೋಗುತ್ತದೆ ಎಂಬುದು ಭ್ರಮೆ. ತಗ್ಗಿಸಿದ ಶಹನಾಯಿಯೂ ಕಿವಿಯನ್ನು ಮಾತಿನಿಂದ ಎಳೆಯುತ್ತಲೇ ಇರುತ್ತದೆ. ಬರೆಯುವಾಗಲೇ ಜಾಗ ಬಿಡಬೇಕು: ಮಾತಿರುವಲ್ಲಿ ಉದ್ದ ಸ್ವರ, ಕಡಿಮೆ ಚಲನೆ, ಚೆಲ್ಲೊ ಅಥವಾ ವಿಯೋಲದಂಥ ಮೆದು ದನಿ, ಮೆಲೊಡಿಯ ಓಡಾಟ ಎರಡು ಸಾಲುಗಳ ನಡುವಿನ ಬಿಡುವಿನಲ್ಲಿ.

ಅಭ್ಯಾಸಕ್ಕೊಂದು ದಾರಿ: ಮಾತಿನ ಟ್ರ್ಯಾಕನ್ನು ಮೊದಲು ಸಹಜ ಮಟ್ಟಕ್ಕೆ ಇಟ್ಟು, ಸ್ಪೀಕರಿನ ವಾಲ್ಯೂಮ್ ಗುಂಡಿಗೆ ಒಂದು ಗುರುತು ಹಾಕಿ. ಥಿಯೇಟರ್ ಮಿಕ್ಸಿಂಗ್ ಕೋಣೆಗಳಲ್ಲಿ ತೆರೆಯ ಹಿಂದಿನ ಪ್ರತಿ ಸ್ಪೀಕರನ್ನು 85 ಡೆಸಿಬೆಲ್‌ಗೆ ಹೊಂದಿಸಿರುತ್ತಾರೆ. ಮನೆಯ ಸಣ್ಣ ಕೋಣೆಗೆ 76ರಿಂದ 79 ಸಾಕು. ಆಮೇಲೆ ದಿನವಿಡೀ ಗುಂಡಿ ಮುಟ್ಟಬೇಡಿ. ಸಂಗೀತ ಜೋರೆನಿಸಿದರೆ ಸಂಗೀತವನ್ನೇ ತಿದ್ದಿ.

ರಾಗ ಬಳಸುವವರಿಗೆ ಒಂದು ಎಚ್ಚರಿಕೆ. ತೋಡಿಯ ಗಾಂಧಾರ ಒಂದೆಡೆ ನಿಲ್ಲುವ ಸ್ವರವಲ್ಲ, ಆಡುವ ಸ್ವರ. ಅದರ ಕೆಳಗೆ ಕೀಬೋರ್ಡಿನ ಮೈನರ್ ಕಾರ್ಡ್ ಇಟ್ಟರೆ ಕಾರ್ಡಿನ ಗಾಂಧಾರ ನಿಂತಲ್ಲೇ ನಿಂತು, ವೀಣೆಯ ಗಾಂಧಾರ ಅಪಶ್ರುತಿಯಂತೆ ಕೇಳಿಸುತ್ತದೆ. ಬೈಗುಳ ತಿನ್ನುವವರು ವೀಣೆಯವರು. ಷಡ್ಜ-ಪಂಚಮ ಮಾತ್ರ ಇಟ್ಟು ಗಾಂಧಾರದ ಜಾಗ ಖಾಲಿ ಬಿಡಿ.

ವಾದ್ಯದವರನ್ನು ಕರೆಸಿದಾಗ

ಬಿದಿರಿನ ಕೊಳಲು ಒಂದೊಂದು ಶ್ರುತಿಗೆ ಒಂದೊಂದು. ಕರೆಸುವ ಹಿಂದಿನ ದಿನವೇ ಶ್ರುತಿ ತಿಳಿಸಿ, ಅದೂ ಅವರ ಭಾಷೆಯಲ್ಲಿ: ಒಂದು ಮನೆ ಎಂದರೆ ಸಿ, ಎರಡು ಡಿ, ನಾಲ್ಕೂವರೆ ಎಫ್ ಶಾರ್ಪ್, ಐದು ಜಿ. ಸ್ವರಗಳನ್ನು ಕನ್ನಡದಲ್ಲಿ ಸರಿಗಮ ಬರೆದು ಕೊಟ್ಟರೆ ಅರ್ಧ ಗಂಟೆ ಉಳಿಯುತ್ತದೆ.

ತಮಟೆಯ ಚರ್ಮ ಬಿಸಿಯಲ್ಲಿ ಬಿಗಿಯಾಗುತ್ತದೆ, ಅದಕ್ಕೇ ಬೆಂಕಿಗೆ ಹಿಡಿದು ಕಾಯಿಸುವುದು. ಸ್ಟುಡಿಯೋದ ಎಸಿಯಲ್ಲಿ ಅದು ಸಡಿಲವಾಗಿ ದನಿ ಇಳಿಯುತ್ತದೆ. ಟೇಕುಗಳ ನಡುವೆ ಹೊರಗೆ ಹೋಗಿ ಕಾಯಿಸಿಕೊಂಡು ಬರಲು ಸಮಯ ಇಟ್ಟುಕೊಳ್ಳಿ, ಎಸಿಯನ್ನು ಆರಿಸಿ. ಡೊಳ್ಳು, ತಮಟೆಗಳಿಗೆ ಮೈಕು ಒಂದರಿಂದ ಒಂದೂವರೆ ಮೀಟರ್ ದೂರ ಇರಲಿ, ರೆಕಾರ್ಡಿಂಗ್ ಮಟ್ಟ ತೋರಿಸುವ ಮೀಟರಿನಲ್ಲಿ ಗರಿಷ್ಠ ಏಟು ಮೈನಸ್ 12 ಡೆಸಿಬೆಲ್ ಹತ್ತಿರ ನಿಲ್ಲಲಿ. ರಿಹರ್ಸಲ್‌ನಲ್ಲಿ ಹೊಡೆದದ್ದಕ್ಕಿಂತ ಟೇಕಿನಲ್ಲಿ ಜೋರಾಗಿಯೇ ಹೊಡೆಯುತ್ತಾರೆ. ಕ್ಲಿಕ್ಕಿಗೆ ನುಡಿಸಿ ರೂಢಿಯಿಲ್ಲದ ಜನಪದ ಕಲಾವಿದರ ಕಿವಿಗೆ ಟಿಕ್ ಟಿಕ್ ಹಾಕಿದರೆ ಅವರ ಚೈತನ್ಯವೇ ಹೋಗುತ್ತದೆ. ಅದೇ ಲಯದ ಒಂದು ತಾಳದ ಲೂಪ್ ಕೊಡಿ, ಇಲ್ಲವೇ ಅವರ ಪಾಡಿಗೆ ನುಡಿಸಲು ಬಿಟ್ಟು ಆಮೇಲೆ ಟೆಂಪೊ ಮ್ಯಾಪನ್ನು ಅವರಿಗೆ ಹೊಂದಿಸಿ.

ದಿನಚರಿ

ಕೆಲಸ ಇಲ್ಲದ ದಿನಗಳಲ್ಲೂ ದಿನಕ್ಕೆ 30 ಸೆಕೆಂಡ್ ಸಂಗೀತ ಬರೆದು ಮುಗಿಸಿ. ‘ಮುಗಿಸಿ’ ಎಂದರೆ ಮಿಕ್ಸ್ ಮಾಡಿ, ಹೆಸರಿಟ್ಟು, ರೆಂಡರ್ ಮಾಡಿ. ಮೊದಲ ತಿಂಗಳು ಐದೇ ಟ್ರ್ಯಾಕು ಎಂಬ ಮಿತಿ ಹಾಕಿಕೊಳ್ಳಿ. ಮೆಲೊಡಿಯನ್ನು ಮೊದಲು ಬಾಯಲ್ಲಿ ಹಾಡಿ ಫೋನಿನಲ್ಲಿ ಹಿಡಿದುಕೊಳ್ಳಿ. ಕೀಬೋರ್ಡಿನ ಮುಂದೆ ಕೂತರೆ ಬೆರಳು ಹಳೇ ದಾರಿಯನ್ನೇ ಹಿಡಿಯುತ್ತದೆ. ಚಿತ್ರ ಬೇಕಿದ್ದರೆ ಕಿರುಚಿತ್ರ ಮಾಡುವ ವಿದ್ಯಾರ್ಥಿಗಳನ್ನು ಹುಡುಕಿ. ಹೆಸರಘಟ್ಟದ ಸರ್ಕಾರಿ ಫಿಲ್ಮ್ ಮತ್ತು ಟೆಲಿವಿಷನ್ ಸಂಸ್ಥೆಯಂಥ ಕಡೆ ಕಲಿಯುವವರಿಗೆ ಸಂಗೀತಗಾರರು ಬೇಕೇ ಬೇಕು, ಮತ್ತು ಅವರೇ ನಾಳೆಯ ನಿರ್ದೇಶಕರು.

ಸಿನಿಮಾ ಸಿಕ್ಕಾಗ ದಿನಕ್ಕೆ ಎರಡು ನಿಮಿಷ ಮುಗಿದ ಸಂಗೀತ ಎಂದು ಲೆಕ್ಕ ಹಾಕಿ. 70 ನಿಮಿಷ ಬೇಕಿದ್ದರೆ 35 ದಿನ. ತಿದ್ದುಪಡಿಗೆ ಅದರ ಮೂರನೇ ಒಂದು ಭಾಗ ಸೇರಿಸಿ. ರಿಲೀಸ್ ದಿನಾಂಕ ಇದಕ್ಕೆ ಒಪ್ಪದಿದ್ದರೆ ಸಂಗೀತದ ನಿಮಿಷ ಕಡಿಮೆ ಮಾಡೋಣ ಎಂದು ಸ್ಪಾಟಿಂಗ್ ದಿನವೇ ಹೇಳಿ. ಬಹಳ ಸಲ ಸಿನಿಮಾಕ್ಕೂ ಅದೇ ಒಳ್ಳೆಯದು.

ಟೆಂಪ್ ಟ್ರ್ಯಾಕಿನ ವಿಚಾರದಲ್ಲಿ: ಒಮ್ಮೆ ಕೇಳಿ, ಅದರ ಲಯ, ಸಾಂದ್ರತೆ, ಶುರುವಾಗುವ ಜಾಗ ಬರೆದುಕೊಂಡು ಮ್ಯೂಟ್ ಮಾಡಿ. ನಿರ್ದೇಶಕರಿಗೆ ಅದರಲ್ಲಿ ಇಷ್ಟವಾಗಿರುವುದು ಯಾವುದು ಎಂದು ಕೇಳಿ. ಉತ್ತರ ಸಾಮಾನ್ಯವಾಗಿ ಮೆಲೊಡಿ ಆಗಿರುವುದಿಲ್ಲ. ಪದೇ ಪದೇ ಕೇಳುತ್ತಾ ಬರೆದರೆ ನಕಲಿನ ಆರೋಪದ ಹತ್ತಿರ ನೀವೇ ನಡೆದು ಹೋದಂತೆ.

ಕೊಡುವಾಗ

ಮಿಕ್ಸ್‌ಗೆ ಒಂದೇ ಸ್ಟೀರಿಯೊ ಫೈಲ್ ಕೊಡಬೇಡಿ. ತಂತಿವಾದ್ಯ, ತಾಳವಾದ್ಯ, ಸೋಲೊ, ಸಿಂಥ್, ಗಾಯನ ಎಂದು ಐದಾರು ಸ್ಟೆಮ್ (ಗುಂಪಿಗೊಂದು ಪ್ರತ್ಯೇಕ ಆಡಿಯೊ ಫೈಲ್) ಆಗಲಿ. ಎಲ್ಲವೂ ಒಂದೇ ಜಾಗದಿಂದ ಶುರುವಾಗಲಿ. ಸಾಹಿತ್ಯವಿರುವ ಗಾಯನ ಕಡ್ಡಾಯವಾಗಿ ಬೇರೆ ಸ್ಟೆಮ್: ಸಿನಿಮಾ ತೆಲುಗು, ತಮಿಳು, ಹಿಂದಿಗೆ ಹೋದಾಗ ಅದನ್ನಷ್ಟೇ ಬದಲಿಸುತ್ತಾರೆ. 5.1ರಲ್ಲಿ (ಐದು ಸ್ಪೀಕರ್, ಒಂದು ಸಬ್‌ವೂಫರ್) ಕೊಡುವುದಾದರೆ ನಡುವಿನ ಸ್ಪೀಕರನ್ನು ಮಾತಿಗೆ ಬಿಟ್ಟುಕೊಡಿ, ಚಾನೆಲ್‌ಗಳ ಕ್ರಮವನ್ನು ಮೊದಲೇ ಕೇಳಿ. ಎಡ-ಬಲ-ನಡು ಎಂದು ಜೋಡಿಸಿದ ಫೈಲನ್ನು ಎಡ-ನಡು-ಬಲ ಎಂದು ಓದುವ ಸೆಷನ್‌ಗೆ ಹಾಕಿದರೆ ಬಲಗಡೆಯ ವಾದ್ಯಗಳೆಲ್ಲ ನಡುವೆ ಬಂದು ಮಾತಿನ ಮೇಲೆ ಕೂರುತ್ತವೆ. ಎಲ್ಲದರ ಮೂರು ಪ್ರತಿ ಇರಲಿ, ಒಂದು ಮನೆಯಿಂದ ಹೊರಗೆ.

ಕಾಗದಪತ್ರ

ಒಪ್ಪಂದ ಓದದೆ ಸಹಿ ಹಾಕುವುದು ನಮ್ಮ ಕಸುಬಿನ ಹಳೇ ಚಾಳಿ. ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಸಿನಿಮಾದಲ್ಲಿ ಬಳಕೆಯಾದ ನಿಮ್ಮ ಸಂಗೀತ ಥಿಯೇಟರಿನಲ್ಲಿ ಸಿನಿಮಾದ ಜೊತೆ ಕೇಳಿಸುವುದನ್ನು ಬಿಟ್ಟು ಬೇರೆ ರೀತಿಯಲ್ಲಿ ಬಳಕೆಯಾದಾಗ ಬರುವ ರಾಯಲ್ಟಿಯಲ್ಲಿ ನಿಮಗೆ ಸಮಪಾಲಿದೆ. ಆ ಹಕ್ಕನ್ನು ನಿಮ್ಮ ವಾರಸುದಾರರಿಗೆ ಅಥವಾ ಕಾಪಿರೈಟ್ ಸೊಸೈಟಿಗೆ ಬಿಟ್ಟು ಬೇರೆ ಯಾರಿಗೂ ಬರೆದುಕೊಡಲು ಬರುವುದಿಲ್ಲ. ಹಕ್ಕು ವರ್ಗಾವಣೆಯ ಪತ್ರದಲ್ಲಿ ಅವಧಿ ನಮೂದಿಸದಿದ್ದರೆ ಐದು ವರ್ಷ ಎಂದೂ, ಪ್ರದೇಶ ನಮೂದಿಸದಿದ್ದರೆ ಭಾರತಕ್ಕೆ ಸೀಮಿತ ಎಂದೂ ಕಾನೂನು ಭಾವಿಸುತ್ತದೆ. ಅನುಮಾನವಿದ್ದರೆ ವಕೀಲರಿಗೆ ತೋರಿಸಿ, ಸಂಭಾವನೆಗೆ ಹೋಲಿಸಿದರೆ ಅವರ ಶುಲ್ಕ ದೊಡ್ಡದಲ್ಲ.

ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿ, ಎಲ್ಲರ ಬಾಯಲ್ಲಿ ಐಪಿಆರ್‌ಎಸ್, 1969ರಿಂದ ಇದೆ. ಸದಸ್ಯರಾದ ಮೇಲೆ ಪ್ರತಿ ಕೃತಿಯನ್ನೂ ನೋಂದಾಯಿಸಬೇಕು. ಹಾಡುಗಳನ್ನು ಮಾತ್ರ ನೋಂದಾಯಿಸಿ ಹಿನ್ನೆಲೆ ಸಂಗೀತವನ್ನು ಮರೆಯುವವರು ಇದ್ದಾರೆ. ಇದಕ್ಕೆ ಬೇಕಾದ ಕ್ಯೂ ಶೀಟಿನಲ್ಲಿ ಪ್ರತಿ ಕ್ಯೂವಿನ ಹೆಸರು, ಅವಧಿ, ಸಂಯೋಜಕರ ಹೆಸರು, ಬಳಕೆಯ ಬಗೆ ಇರಬೇಕು. ಸ್ಪಾಟಿಂಗ್ ದಿನ ‘3ಎಂ2 ಟ್ರಂಕು, 14 ಸೆಕೆಂಡ್’ ಎಂದು ಬರೆದಿಟ್ಟ ಪಟ್ಟಿಯನ್ನು ಫೈನಲ್ ಮಿಕ್ಸ್ ಆದ ದಿನ ರಾತ್ರಿಯೇ ತಿದ್ದಿ, ಮಿಕ್ಸ್‌ನಲ್ಲಿ ಹಾರಿಹೋದ ಕ್ಯೂಗಳನ್ನು ಹೊಡೆದುಹಾಕಿ, ನಿರ್ಮಾಪಕರ ಕಚೇರಿಗೆ ಇಮೇಲ್ ಮಾಡಿ. ರಿಲೀಸ್ ಆದ ಮೇಲೆ ಕೇಳಿದರೆ ಆ ಪಟ್ಟಿ ಹುಡುಕಿಕೊಡುವವರು ಯಾರೂ ಸಿಗುವುದಿಲ್ಲ.